"ಸಣ್ಣ ಮಕ್ಕಳನ್ನ ಯಾಕೆ ಜಾತ್ರೆಗೆ ತರ್ತೀರಿ" ಅನ್ನೋರಿಗೆ ಶಿರಸಿಯಿಂದ ಒಂದು ಬಹಿರಂಗ ಪತ್ರ

ಶಿರಸಿ ಮಾರಿಕಾಂಬಾ ಜಾತ್ರೆ ನಡೆಸೋ ಹಿರಿಯರಿಗೆ, ಬಂದೋಬಸ್ತ್ ನೋಡ್ಕೊಳ್ಳೋ ಎಲ್ಲ ಇಲಾಖೆಯ ಅಧಿಕಾರಿಗಳಿಗೆ, ಪೇಟೇಲಿ ಅಂಗಡಿ ಹಾಕೋರಿಗೆ, ಮತ್ತೆ ಮಕ್ಕಳನ್ನ ಎತ್ಕೊಂಡು ಜಾತ್ರೆಗೆ ಬರೋ ನನ್ನಂಥ ಎಲ್ಲರಿಗೂ,

ಮಾನ್ಯರೇ,

ನಮಸ್ಕಾರ. ನಾನು ಶಿರಸಿ ಪೇಟೆಯಿಂದ ಸ್ವಲ್ಪ ಆಚೆ ಇರೋ ಹಳ್ಳಿಯವಳು. ಮನೇಲಿ ಇಬ್ರು ಹುಡ್ರು, ಜಾತ್ರೆ ಬಂತು ಅಂದ್ರೆ ಅಣ್ಣನ ಮಕ್ಕಳು, ತಂಗಿ ಮಕ್ಕಳು, ಹುಬ್ಬಳ್ಳಿ ಕಡೆ ನೆಂಟರ ಮಕ್ಕಳು ಎಲ್ಲಾ ಸೇರಿ ನಮ್ಮನೆ ಒಂದು ಅಂಗನವಾಡಿ ಆಗಿರುತ್ತೆ. ಅಷ್ಟೂ ಜನರನ್ನ ಜಾತ್ರೆ ತೋರಿಸ್ಕೊಂಡು ಬರೋ ಕೆಲಸ ಹೆಂಗಸರ ಪಾಲಿಗೇ ಬರೋದು, ಗಂಡಸರು ರಾತ್ರಿ ನಾಟಕಕ್ಕೆ, ಯಕ್ಷಗಾನಕ್ಕೆ ಆರಾಮಾಗಿ ಬೇರೆ ಹೋಗ್ತಾರೆ, ಇರ್ಲಿ ಅದು ಬೇರೆ ವಿಷಯ.

ಈ ಪತ್ರ ಯಾಕಂದ್ರೆ ಒಂದು ಮಾತು ಕೇಳಿ ಕೇಳಿ ಸಾಕಾಗಿದೆ. ಮಗು ಜನರ ಮಧ್ಯ ಸಿಕ್ಕಿ ಅಳ್ತಿದ್ರೆ, ನೀರಿಲ್ಲ ಅಂತ ಕೇಳಿದ್ರೆ, ಹಾಲು ಕುಡಿಸೋಕೆ ಒಂದು ಮೂಲೆ ಇದ್ಯಾ ಅಂದ್ರೆ, ಕಡೆಗೆ ಕಿವಿ ಹತ್ರ ಪೀಪಿ ಊದಬೇಡ್ರೋ ಅಂತ ಹುಡುಗರಿಗೆ ಗದರಿದ್ರೂ ಬರೋ ಉತ್ತರ ಒಂದೇ, "ಇಷ್ಟು ಸಣ್ಣ ಮಕ್ಕಳನ್ನ ಯಾಕೆ ಜಾತ್ರೆಗೆ ತರ್ತೀರಿ?" ನೆಂಟರು ಹೇಳ್ತಾರೆ, ಗುರುತಿಲ್ಲದವರು ಹೇಳ್ತಾರೆ, ಬಸ್ಸಲ್ಲಿ ಪಕ್ಕ ಕೂತವರೂ ಹೇಳ್ತಾರೆ. ಹೇಳೋರಿಗೆ ಕೆಟ್ಟ ಮನಸ್ಸಿಲ್ಲ ಅಂತ ಗೊತ್ತು. ಆದ್ರೆ ಈ ಮಾತಿನ ಅರ್ಥ ಏನಾಗುತ್ತೆ ನೋಡಿ, ಜಾತ್ರೆ ದೊಡ್ಡವರದ್ದು, ಮಕ್ಕಳು ಅದರಲ್ಲಿ ಹೆಚ್ಚಿನ ಲಗೇಜು, ತಂದವರೇ ಹೊತ್ಕೋಬೇಕು ಅಂತ. ಇದನ್ನ ನಾನು ಒಪ್ಪಲ್ಲ.

ಒಪ್ಪದೇ ಇರೋದಕ್ಕೆ ಮೊದಲನೇ ಕಾರಣ ಬಹಳ ಸರಳ. ನಮ್ಮ ಜಾತ್ರೆ ಎರಡು ವರ್ಷಕ್ಕೊಮ್ಮೆ. ಒಂದು ಮಗುವಿಗೆ ಬುದ್ಧಿ ಬಂದಾಗಿಂದ ಎಸ್ಸೆಸ್ಸೆಲ್ಸಿ ಮುಗಿಸೋ ತನಕ ಲೆಕ್ಕ ಹಾಕಿದ್ರೂ ಸಿಗೋದು ಐದಾರು ಜಾತ್ರೆ ಅಷ್ಟೇ. ಅದರಲ್ಲಿ ಒಂದು ಸಲ ಜ್ವರ, ಒಂದು ಸಲ ಮೈಲಿಗೆ, ಒಂದು ಸಲ ಪರೀಕ್ಷೆ ಅಂತ ಹೋದ್ರೆ ಉಳಿಯೋದೆಷ್ಟು? 2020ರಲ್ಲಿ ಮಾರ್ಚ್ ಎರಡನೇ ವಾರದಲ್ಲೇ ಜಾತ್ರೆ ಮುಗೀತು, ಅದೇ ತಿಂಗಳ ಕೊನೆಗೆ ಲಾಕ್‌ಡೌನ್, ಸ್ವಲ್ಪ ಆಚೀಚೆ ಆಗಿದ್ರೆ ಅದೂ ಇರ್ತಿರ್ಲಿಲ್ಲ. "ಮುಂದಿನ ಸಲ ನೋಡೋಣ ಬಿಡು" ಅಂತ ಮಗುವಿಗೆ ಹೇಳೋದು ಸುಲಭ, ನಾಲ್ಕು ವರ್ಷದ ಕೂಸಿಗೆ ಎರಡು ವರ್ಷ ಅಂದ್ರೆ ಅದರ ಆಯುಷ್ಯದ ಅರ್ಧ.

ಎರಡನೇದು, ಮಕ್ಕಳಿಲ್ಲದ ಜಾತ್ರೆ ಅಂತ ಒಂದಿದ್ಯಾ? ತೊಟ್ಟಿಲು, ಟೊರಾ ಟೊರಾ ಅಂತ ಕೂತು ತಿರುಗೋ ಆಟಗಳು, ಬೆಂಡು ಬತ್ತಾಸು, ಬಾಂಬೆ ಮಿಠಾಯಿ, ಬಲೂನು, ಪ್ಲಾಸ್ಟಿಕ್ ಜೆಸಿಬಿ ಇವೆಲ್ಲ ಯಾರ ಸಲುವಾಗಿ ಬರ್ತವೆ? ವ್ಯಾಪಾರ ಆಗೋವಾಗ ಮಕ್ಕಳು ಬೇಕು, ವ್ಯವಸ್ಥೆ ಕೇಳಿದಾಗ ಮಾತ್ರ ಮಕ್ಕಳನ್ನ ಯಾಕೆ ತಂದ್ರಿ!

ಹೊರಗಿನೋರು ಓದ್ತಿದ್ರೆ ಸ್ವಲ್ಪ ಹೇಳ್ತೀನಿ. ಮಂಗಳವಾರ ರಾತ್ರಿ ದೇವಿ ಕಲ್ಯಾಣ, ಬುಧವಾರ ಬೆಳಿಗ್ಗೆ ತೇರು. ಏಳು ಅಡಿ ಎತ್ತರದ ಅಮ್ಮನ ಮೂರ್ತಿ ತೇರಲ್ಲಿ ದೇವಸ್ಥಾನದಿಂದ ಜಾತ್ರೆ ನಡೆಯೋ ಬಿಡ್ಕಿಬೈಲಿಗೆ ಬಂದು ಗದ್ದುಗೆ ಮೇಲೆ ಕೂರ್ತಾಳೆ, ಮಾರನೇ ದಿನ ಗುರುವಾರದಿಂದ ಮುಂದಿನ ಬುಧವಾರದ ತನಕ ಸೇವೆ, ಉಡಿ ತುಂಬೋದು, ಹಣ್ಣುಕಾಯಿ, ಆಮೇಲೆ ವಿಸರ್ಜನೆ ಆದ್ರೆ ಯುಗಾದಿಗೆ ಮತ್ತೆ ದೇವಸ್ಥಾನದಲ್ಲಿ ಪ್ರತಿಷ್ಠೆ. ದೇವಸ್ಥಾನದಿಂದ ಬಿಡ್ಕಿಬೈಲಿಗೆ ದೂರ ಏನಿಲ್ಲ, ಬೇರೆ ದಿನ ಮಾತಾಡ್ತಾ ಮಾತಾಡ್ತಾ ನಡೆದು ಮುಗಿಸ್ತೀವಿ. ತೇರಿನ ದಿನ ಅದಕ್ಕೇ ಗಂಟೆಗಟ್ಟಲೆ ಬೇಕು. ಹಾವೇರಿ, ಧಾರವಾಡ, ಶಿವಮೊಗ್ಗ, ಕಾರವಾರ, ಕುಮಟಾ ಎಲ್ಲಾ ಕಡೆಯಿಂದ ಜನ ಬರ್ತಾರೆ. ಡೊಳ್ಳಿನವರು ಇರ್ತಾರೆ, ದೇವಿ ಹಾಡು ಹೇಳೋ ಅಸಾದಿಯರು ಹಾಡ್ತಾ ಕುಣಿತಾ ಮುಂದೆ ಹೋಗ್ತಾರೆ, ತೇರಿಗೆ ಬಾಳೆಹಣ್ಣು ಉತ್ತತ್ತಿ ಎಸೀತಾರೆ, ಹರಕೆ ಹೊತ್ತವರು ಕೋಳಿ ಹಾರಿಸ್ತಾರೆ. ನೋಡೋಕೆ ಎರಡು ಕಣ್ಣು ಸಾಲಲ್ಲ ಅಂತಾರಲ್ಲ ಅದು ನಿಜ, ಆದ್ರೆ ಮೂರಡಿ ಎತ್ತರದ ಮಗುವಿಗೆ ಆ ಎರಡು ಕಣ್ಣಿಗೂ ಕಾಣೋದು ಮುಂದಿನವರ ಬೆನ್ನು, ಪಕ್ಕದವರ ಬ್ಯಾಗು, ಯಾರದೋ ಮೊಣಕೈ. ಹೆಗಲ ಮೇಲೆ ಕೂರಿಸ್ಕೊಂಡ್ರೆ ತೇರು ಕಾಣುತ್ತೆ, ಜೊತೆಗೆ ಎಸೆದ ಬಾಳೆಹಣ್ಣು ಬಂದು ಮುಖಕ್ಕೆ ಹೊಡಿಯುತ್ತೆ.

ತೇರಿನ ದಿನ ಸಣ್ಣವರನ್ನ ಒಳಗೆ ಕರ್ಕೊಂಡು ಹೋಗಬೇಡಿ ಅನ್ನೋ ಮಾತಿಗೆ ನಾನೂ ತಲೆ ಆಡಿಸ್ತೀನಿ. ಒಂದು ಚದರ ಮೀಟರ್ ಜಾಗದಲ್ಲಿ ಮೂರು ನಾಲ್ಕು ಜನ ಇದ್ರೆ ನಮ್ಮ ಕಾಲ ಮೇಲೆ ನಾವು ನಡೀಬಹುದು, ಅದೇ ಜಾಗದಲ್ಲಿ ಆರೇಳು ಜನ ಆದ್ರೆ ಆಮೇಲೆ ನಮ್ಮ ಕೈಲೇನೂ ಇಲ್ಲ, ಜನ ತಳ್ಳಿದ ಕಡೆ ಹೋಗೋದು. ಇಂಥ ಕಡೆ ಎಷ್ಟೋ ಜನ ಪ್ರಾಣ ಕಳ್ಕೊಳ್ಳೋದು ಕಾಲಡಿ ಸಿಕ್ಕಿ ಅಲ್ಲ, ನಿಂತಲ್ಲೇ ನಾಲ್ಕೂ ಕಡೆಯಿಂದ ಎದೆ ಒತ್ತಿ ಉಸಿರು ಕಟ್ಟಿ. ದೊಡ್ಡವರ ಸೊಂಟದ ಎತ್ತರಕ್ಕೆ ಮಗುವಿನ ಎದೆ ಇರುತ್ತೆ, ಅಲ್ಲಿ ಗಾಳಿನೂ ಇರಲ್ಲ, ಅದು ಕೂಗಿದ್ರೆ ಮೇಲಿರೋರಿಗೆ ಕೇಳೋದೂ ಇಲ್ಲ. 2025ರ ಜೂನ್ 4ಕ್ಕೆ ಬೆಂಗಳೂರಲ್ಲಿ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ನೂಕುನುಗ್ಗಲಲ್ಲಿ 11 ಜನ ಪ್ರಾಣ ಕಳ್ಕೊಂಡ್ರಲ್ಲ, ಅದರಲ್ಲಿ ಶಾಲೆಗೆ ಹೋಗೋ ಹುಡುಗಿನೂ ಇದ್ಳು. ರಾಜಧಾನಿಯಲ್ಲಿ, ಅಷ್ಟು ಪೊಲೀಸರಿರೋ ಊರಲ್ಲಿ, ಹಾಡುಹಗಲಲ್ಲಿ. ಶಿರಸಿಯಲ್ಲಿ ಅಮ್ಮನ ದಯೆ, ಹಾಗೇನೂ ಆಗಲ್ಲ ಅಂತ ಕೂರೋದಾ?

ಆದ್ರೆ ಸ್ವಾಮಿ, ತೇರಿನ ದಿನ ಒಂದೇ ಅಲ್ಲ ಇರೋದು. ಉಳಿದ ದಿನಗಳಲ್ಲಿ, ಅದರಲ್ಲೂ ಶನಿವಾರ ಭಾನುವಾರ ಸಂಜೆ ಐದರ ಮೇಲೆ ಪೇಟೆ ಒಳಗೆ ನಿಂತು ನೋಡಿ. ಅಂಗಡಿ ಸಾಲಿನ ಮಧ್ಯ ಇರೋ ದಾರೀಲಿ ಹೋಗೋರೂ ಅಲ್ಲೇ, ಬರೋರೂ ಅಲ್ಲೇ. ಎದುರುಬದುರು ಬಂದ ಎರಡು ಗುಂಪು ಬಳೆ ಅಂಗಡಿ ಮುಂದೆ ಸಿಕ್ಕಾಕೊಂಡ್ರೆ ಹತ್ತು ನಿಮಿಷ ಯಾರೂ ಅಲುಗಾಡಂಗಿಲ್ಲ. ಗಾಡಿಗಳಿಗೆ ಒನ್‌ವೇ ಮಾಡ್ತೀವಿ, ಮನುಷ್ಯರಿಗೂ ಮಾಡಬಹುದು ಅಲ್ವಾ? ಶಿವಾಜಿ ಚೌಕದ ಕಡೆಯಿಂದ ಒಳಗೆ, ಇನ್ನೊಂದು ರಸ್ತೆಯಿಂದ ಹೊರಗೆ, ಮಧ್ಯ ಮಧ್ಯ ಅಂಗಡಿ ಬಿಟ್ಟು ಖಾಲಿ ಜಾಗ, ಮಗು ಎತ್ಕೊಂಡವರು ಪಕ್ಕಕ್ಕೆ ಸರಿದು ಒಂದು ನಿಮಿಷ ಉಸಿರು ತಗೊಳ್ಳೋಕೆ. ಎರಡು ಅಂಗಡಿ ಬಾಡಿಗೆ ಕಡಿಮೆ ಬರಬಹುದು ನಿಜ. ಅದನ್ನ ಲೆಕ್ಕದ ಪುಸ್ತಕದಲ್ಲಿ ಮಕ್ಕಳ ಖರ್ಚು ಅಂತ ಬರ್ಕೊಳ್ಳಿ, ಯಾರೂ ಆಕ್ಷೇಪ ಎತ್ತಲ್ಲ.

ಇನ್ನು ನಾನು ಕಣ್ಣಾರೆ ಕಂಡಿದ್ದು ಹೇಳ್ತೀನಿ. ನನ್ನ ತಂಗಿ ಮಗಳು, ಆರು ವರ್ಷ, ಜಾತ್ರೆ ಪೇಟೇಲಿ ಕೈ ತಪ್ಪಿ ಹೋಯ್ತು. ಹೇಗೆ ತಪ್ಪಿತು ಅಂದ್ರೆ ಅಷ್ಟು ಜನರ ಮಧ್ಯ ಒಬ್ಬ ಪುಣ್ಯಾತ್ಮ ಬೈಕು ನುಗ್ಗಿಸ್ಕೊಂಡು ಬಂದ, ಎಲ್ರೂ ಎರಡು ಕಡೆಗೆ ಸರಿದ್ರು, ತಂಗಿ ಒಂದು ಕಡೆ, ಕೂಸು ಇನ್ನೊಂದು ಕಡೆ. ಬೈಕು ಹೋದ ಮೇಲೆ ನೋಡಿದ್ರೆ ಇಲ್ಲ. ಆ ಹೊತ್ತು ಹೇಗಿತ್ತು ಅಂತ ಬರಿಯೋಕೆ ಹೋಗಲ್ಲ, ಆದವರಿಗೆ ಗೊತ್ತು. ಫೋನ್ ಮಾಡಿ ಮನೆಯವರನ್ನ ಕರೆಯೋಣ ಅಂದ್ರೆ ಜಾತ್ರೆ ಜನಕ್ಕೆ ನೆಟ್‌ವರ್ಕ್ ಪೂರಾ ಜಾಮು, ಕಾಲ್ ಹೋಗ್ತಾನೇ ಇಲ್ಲ. ಮೈಕಲ್ಲಿ ಹೇಳಿಸೋಣ ಅಂದ್ರೆ ಎಲ್ಲಿ ಹೇಳಿಸಬೇಕು? ಕೇಳಿದವರೆಲ್ಲ ಒಂದೊಂದು ದಿಕ್ಕು ತೋರಿಸಿದ್ರು. ಕಡೆಗೆ ಮೈಕಿನವರು ಸಿಕ್ಕು ಕೂಗಿದ್ರು ಪಾಪ, ಆದ್ರೆ ಅದೇ ಹೊತ್ತಿಗೆ ಒಂದು ಕಡೆ ಸೀರೆ ಡಿಸ್ಕೌಂಟು, ಒಂದು ಕಡೆ ನಾಟಕದ ಜಾಹೀರಾತು, ಒಂದು ಕಡೆ "ಬನ್ನಿ ಬನ್ನಿ ಬರೀ ಐವತ್ತು ರೂಪಾಯಿ". ಅದರಲ್ಲಿ ಯಾರಿಗೆ ಏನು ಕೇಳಿತೋ ದೇವರಿಗೇ ಗೊತ್ತು.

ಕೂಸು ಸಿಕ್ತು. ಹಿಂದಿನ ಸಾಲಿನ ಒಬ್ಬ ಬಳೆಗಾರರು, ಈ ಕಡೆಯವರೂ ಅಲ್ಲ, ತಮ್ಮ ಸ್ಟೂಲ್ ಮೇಲೆ ಕೂರಿಸ್ಕೊಂಡು ಕೈಗೆ ನಾಲ್ಕು ಬಳೆ ಹಾಕಿ ಸಮಾಧಾನ ಮಾಡ್ತಿದ್ರು. ನಿನ್ನ ಅಮ್ಮನ ಹೆಸರೇನು ಅಂತ ಕೇಳಿದ್ರೆ "ಆಯಿ" ಅಂತಂತೆ, ಅಮ್ಮನ್ನ ಅದು ಕರೆಯೋದೇ ಹಾಗೆ, ಊರು ಯಾವುದು ಅಂದ್ರೆ "ಅಜ್ಜನಮನೆ" ಅಂತಂತೆ. ಅವರಾದ್ರೂ ಏನು ಮಾಡಬೇಕು? ಅಂಗಡಿ ಬಿಟ್ಟು ಹೋಗೋಹಾಗಿಲ್ಲ, ಬೇರೆಯವರ ಕೈಗೆ ಕೊಡೋಕೆ ಧೈರ್ಯ ಇಲ್ಲ. ಆ ಮನುಷ್ಯ ಮಾಡಿದ್ದು ನೂರಕ್ಕೆ ನೂರು ಸರಿ, ಕೂತಲ್ಲೇ ಕೂರಿಸ್ಕೊಂಡಿದ್ದು. ಕರ್ಕೊಂಡು ಹುಡುಕೋಕೆ ಹೊರಟಿದ್ರೆ ನಾವು ಆ ಕಡೆ, ಅವರು ಈ ಕಡೆ ಅಂತ ರಾತ್ರಿ ಆಗ್ತಿತ್ತು. ಬಳೆ ದುಡ್ಡು ಎಷ್ಟು ಹೇಳಿದ್ರೂ ತಗೊಳ್ಳಲಿಲ್ಲ ಅವರು.

ಇದರಿಂದ ನಾನು ಕೇಳ್ಕೊಳ್ಳೋದು ಏನಂದ್ರೆ, ಜಾತ್ರೆಗೆ ಬರೋ ಸಣ್ಣ ಮಕ್ಕಳ ಕೈಗೆ ಒಂದು ಪಟ್ಟಿ ಕಟ್ಟಿ. ಇದು ನನ್ನ ತಲೆಯಿಂದ ಹುಟ್ಟಿದ್ದಲ್ಲ. ನಮ್ಮ ಕಡೆಯಿಂದ ಎಷ್ಟು ಜನ ಶಬರಿಮಲೆಗೆ ಹೋಗ್ತಾರೆ, ಕೇಳಿ ನೋಡಿ, ಪಂಪೆಯಲ್ಲಿ ಪೊಲೀಸರೇ ಸಣ್ಣ ಮಕ್ಕಳ ಮಣಿಕಟ್ಟಿಗೆ ಬ್ಯಾಂಡ್ ಕಟ್ಟಿ ಅದರಲ್ಲಿ ಹೆಸರು, ಜೊತೆಗಿರೋ ದೊಡ್ಡವರ ಫೋನ್ ನಂಬರ್ ಬರೀತಾರೆ. ಅಲ್ಲಿ ಬರೋ ಜನಕ್ಕೆ ಹೋಲಿಸಿದ್ರೆ ನಮ್ಮದು ಆಗದ ಕೆಲಸ ಏನಲ್ಲ. ಬಸ್ ಸ್ಟ್ಯಾಂಡ್, ಪಾರ್ಕಿಂಗ್ ಜಾಗ, ಪೇಟೆ ಒಳಗೆ ಬರೋ ಬಾಯಿ, ಇಷ್ಟು ಕಡೆ ಒಂದು ಟೇಬಲ್ ಹಾಕಿ ಕಾಲೇಜು ಹುಡುಗ ಹುಡುಗಿಯರನ್ನ ಕೂರಿಸಿದ್ರೆ ಆಯ್ತು, ಎನ್ನೆಸ್ಸೆಸ್ ಮಕ್ಕಳು ಖುಷಿಯಿಂದ ಬರ್ತಾರೆ. ನಂಬರು ಎರಡು ಬರೀರಿ, ಒಂದು ಜಾತ್ರೆಗೆ ಬಂದವರದ್ದು, ಇನ್ನೊಂದು ಮನೇಲಿ ಉಳಿದವರದ್ದು, ಯಾಕಂದ್ರೆ ಪೇಟೆ ಒಳಗೆ ನೆಟ್‌ವರ್ಕ್ ಕಥೆ ಆಗ್ಲೇ ಹೇಳಿದೀನಿ.

ಹಾಗೇ ತಪ್ಪಿಸ್ಕೊಂಡ ಮಕ್ಕಳು ಬಂದು ಸೇರೋಕೆ ಒಂದೇ ಒಂದು ಜಾಗ ಇರಲಿ, ತಲೆಗಳ ಮೇಲಿಂದ ದೂರಕ್ಕೇ ಕಾಣೋ ಹಾಗೆ ಎತ್ತರದ ಕಂಬಕ್ಕೆ ದೊಡ್ಡ ಬಣ್ಣದ ಬಲೂನೋ ಲೈಟೋ ಕಟ್ಟಿ. ಅಕ್ಷರ ಬರದ ಅಜ್ಜಿಗೂ ಆ ಹಳದಿ ಬಲೂನಿನ ಕೆಳಗೆ ಹೋಗು ಅಂದ್ರೆ ತಿಳಿಯುತ್ತೆ. ಅಂಗಡಿಯವರಿಗೆ ಜಾಗ ಕೊಡೋವಾಗಲೇ ಒಂದು ಚೀಟಿ ಕೊಡಿ, ಕನ್ನಡ ಹಿಂದಿ ಎರಡರಲ್ಲೂ ಇರಲಿ, ಮಗು ಸಿಕ್ರೆ ಅಲ್ಲೇ ಕೂರಿಸಿ, ಯಾರ ಜೊತೆಗೂ ಕಳಿಸಬೇಡಿ, 112ಕ್ಕೆ ಫೋನ್ ಮಾಡಿ ಅಂತ. ಮಕ್ಕಳ ಸಹಾಯವಾಣಿ 1098 ಇದೆ, ಅದನ್ನೂ ಹಾಕಿ.

ಮೈಕಿನ ವಿಷಯದಲ್ಲಿ ಇನ್ನೊಂದು ಮಾತು, ಇದನ್ನ ಯಾರೂ ಯೋಚನೆ ಮಾಡಿದ ಹಾಗೆ ಕಾಣಲ್ಲ. ಸಿಕ್ಕಿದ ಮಗುವಿನ ಹೆಸರು, ವಯಸ್ಸು, ಅಂಗಿ ಬಣ್ಣ, ಅಪ್ಪನ ಹೆಸರು ಎಲ್ಲಾ ಮೈಕಲ್ಲಿ ಕೂಗಿಬಿಡ್ತಾರೆ. ಅಷ್ಟು ಕೇಳಿಸ್ಕೊಂಡ ಯಾರು ಬೇಕಾದ್ರೂ ಬಂದು ನಾನೇ ಅವಳ ಮಾವ ಅನ್ನಬಹುದಲ್ಲ. ಒಂದು ಮಗು ನಮ್ಮ ಹತ್ರ ಇದೆ, ತಂದೆ ತಾಯಿ ಬನ್ನಿ ಅಂತ ಇಷ್ಟೇ ಹೇಳಿ. ಬಂದವರೇ ಹೆಸರು, ಬಟ್ಟೆ ಬಣ್ಣ ಹೇಳಲಿ, ಫೋನಲ್ಲಿರೋ ಮಗುವಿನ ಫೋಟೋ ತೋರಿಸಲಿ, ಮಗು ಅವರನ್ನ ನೋಡಿ ಏನು ಮಾಡುತ್ತೆ ನೋಡಿ, ಆಮೇಲೆ ಸಹಿ ಹಾಕಿಸ್ಕೊಂಡು ಕಳಿಸಿ.

ಇನ್ನು ಪೀಪಿ. ಇದಕ್ಕೆ ಬೇರೆ ಪತ್ರನೇ ಬರೀಬೇಕು. ಉದ್ದದ ಪ್ಲಾಸ್ಟಿಕ್ ತುತ್ತೂರಿ, ಗುಂಪಾಗಿ ಬರೋ ಹುಡುಗರು, ಹೆಣ್ಣುಮಕ್ಕಳ ಕಿವಿ ಹತ್ರ, ಎತ್ಕೊಂಡ ಕೂಸಿನ ಕಿವಿ ಹತ್ರ ಬೇಕಂತ ಊದೋದು, ಅದು ಬೆಚ್ಚಿ ಅತ್ರೆ ನಗೋದು. ಇದು ಯಾವ ಸಂಪ್ರದಾಯ? ಡೊಳ್ಳಿನ ಸದ್ದಿಗೆ ಮಕ್ಕಳು ಕುಣಿತಾವೆ, ಅದರ ಬಗ್ಗೆ ನನ್ನ ತಕರಾರಿಲ್ಲ. 100 ಡೆಸಿಬಲ್ ಸದ್ದಲ್ಲಿ ಹದಿನೈದು ನಿಮಿಷಕ್ಕಿಂತ ಹೆಚ್ಚು ಇರಬಾರದು ಅಂತ ಕಿವಿ ವಿಷಯ ತಿಳಿದವರು ಹೇಳ್ತಾರೆ, ಅದೂ ಕಾರ್ಖಾನೇಲಿ ಕೆಲಸ ಮಾಡೋ ದೊಡ್ಡವರ ಲೆಕ್ಕ. ತುತ್ತೂರಿನ ಕಿವಿಗೇ ಹಿಡಿದು ಊದಿದ್ರೆ ಅದನ್ನೂ ದಾಟುತ್ತೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಧ್ವನಿವರ್ಧಕ ಹಾಕಬಾರದು ಅಂತ 2000ನೇ ಇಸವಿಯಿಂದಲೇ ಶಬ್ದಮಾಲಿನ್ಯದ ನಿಯಮ ಇದೆ, ಹಬ್ಬಕ್ಕೆ ವಿನಾಯ್ತಿ ಕೊಟ್ರೂ ಮಧ್ಯರಾತ್ರಿ ತನಕ ಮಾತ್ರ. ಪೀಪಿಗೆ ಯಾವ ನಿಯಮಾನೂ ಬೇಡ ಸ್ವಾಮಿ, ಅಂಗಡಿ ಜಾಗ ಹರಾಜು ಹಾಕೋವಾಗ ತುತ್ತೂರಿ ಮಾರಂಗಿಲ್ಲ ಅಂತ ಒಂದು ಸಾಲು ಸೇರಿಸಿ, ಮುಗೀತು.

ನಮ್ಮ ಪಕ್ಕದ ಮನೇಲಿ ಒಬ್ಬ ಹುಡುಗ ಇದ್ದಾನೆ, ಅವನಿಗೆ ಜೋರು ಸದ್ದು ಆಗಲ್ಲ, ಕುಕ್ಕರ್ ಸೀಟಿ ಹೊಡೆದ್ರೂ ಕಿವಿ ಮುಚ್ಕೊಂಡು ಮೂಲೆಗೆ ಹೋಗ್ತಾನೆ. ಅವನಿಗೆ ತೇರು ಅಂದ್ರೆ ಪ್ರಾಣ, ತೆಂಗಿನ ಕರಟ, ಬೆಂಕಿಪೊಟ್ಟಣ ಏನು ಸಿಕ್ರೂ ತೇರು ಕಟ್ತಾನೆ, ಮೊಬೈಲಲ್ಲಿ ಸೌಂಡ್ ಆಫ್ ಮಾಡಿ ಜಾತ್ರೆ ವಿಡಿಯೋ ನೋಡ್ತಾನೆ. ಅವನನ್ನ ಒಂದು ಜಾತ್ರೆಗೂ ಕರ್ಕೊಂಡು ಹೋಗೋಕಾಗಿಲ್ಲ. ಅವನ ಅಮ್ಮನಿಗೂ ಅದೇ ಪ್ರಶ್ನೆ, ಇಂಥವನನ್ನ ಯಾಕೆ ತರ್ತೀರಿ ಅಂತ.

ಅದಕ್ಕೇ ನನ್ನ ದೊಡ್ಡ ಬೇಡಿಕೆ ಇದು. ಸೇವೆ ನಡೆಯೋ ದಿನಗಳಲ್ಲಿ ಒಂದು ದಿನ, ಬೇಕಾದ್ರೆ ಜನ ಕಡಿಮೆ ಇರೋ ಸೋಮವಾರನೋ ಮಂಗಳವಾರನೋ, ಬೆಳಿಗ್ಗೆ ಏಳರಿಂದ ಹತ್ತರ ತನಕ ಮಕ್ಕಳ ಹೊತ್ತು ಅಂತ ಇಡಿ. ಆ ಮೂರು ಗಂಟೆ ಪೇಟೆ ಮೈಕು ಬಂದ್, ಜಾಹೀರಾತು ಬಂದ್, ಗದ್ದುಗೆ ಹತ್ರ ಸಣ್ಣ ಮಕ್ಕಳು, ನಡೆಯೋಕಾಗದ ಮಕ್ಕಳು, ಗಾಲಿಕುರ್ಚೀಲಿ ಬರೋರು, ಬಸುರಿ ಬಾಣಂತಿಯರಿಗೆ ಬೇರೆ ಸಾಲು. ನಾಲ್ಕು ತೊಟ್ಟಿಲಿನವರನ್ನೂ ಬೇಗ ಶುರು ಮಾಡಿ ಅಂತ ಕೇಳ್ಕೊಂಡ್ರೆ ಅವರಿಗೂ ಖಾಲಿ ಹೊತ್ತಲ್ಲಿ ವ್ಯಾಪಾರ. ಒಂಬತ್ತು ದಿನದಲ್ಲಿ ಮೂರು ಗಂಟೆ, ಹೆಚ್ಚು ಕೇಳ್ತಿದೀನಾ ಹೇಳಿ.

ತೊಟ್ಟಿಲು ಅಂದಾಗ ನೆನಪಾಯ್ತು. ಟಿಕೆಟ್ ಕೊಡೋ ಜಾಗದಲ್ಲಿ ಎತ್ತರ ಅಳಿಯೋ ಒಂದು ಕೋಲು ನಿಲ್ಲಿಸೋಕೆ ಎಷ್ಟು ಖರ್ಚು? ಈಗ ಏನಾಗುತ್ತೆ ಅಂದ್ರೆ ದುಡ್ಡು ಕೊಟ್ರೆ ಮೂರು ವರ್ಷದ ಮಗುನೂ ದೊಡ್ಡವರ ಆಟಕ್ಕೆ ಹತ್ತಬಹುದು, ಮುಂದಿನ ಸರಳಿಗೂ ಮಗುವಿನ ಹೊಟ್ಟೆಗೂ ಮಧ್ಯ ಇನ್ನೊಂದು ಮಗು ಕೂರೋವಷ್ಟು ಜಾಗ. ಒಂದು ಕಡೆಯಂತೂ ಸರಳಿನ ಕೊಂಡಿಗೆ ಹಗ್ಗ ಕಟ್ಟಿದ್ದು ನಾನೇ ನೋಡಿದೀನಿ, ಮಕ್ಕಳನ್ನ ಇಳಿಸ್ಕೊಂಡು ಬಂದೆ, ದುಡ್ಡು ವಾಪಸ್ ಕೊಡಲಿಲ್ಲ ಅದು ಇರ್ಲಿ. ಯಂತ್ರ ಪರೀಕ್ಷೆ ಮಾಡಿದ ಕಾಗದ, ಕರೆಂಟಿನ ತಪಾಸಣೆ ಕಾಗದ ಟಿಕೆಟ್ ಕೌಂಟರಿನ ಎದುರಿಗೇ ಅಂಟಿಸೋಕೆ ಹೇಳಿ, ಯಾವ ತಾರೀಖಿಗೆ ನೋಡಿದ್ದು, ಎಷ್ಟು ಜನ ಹತ್ತಬಹುದು ಅಂತ. ಓದೋರು ಓದ್ತಾರೆ.

ತಿಂಡಿ ವಿಷಯಕ್ಕೆ ಬಂದ್ರೆ, ಸರ್ಕಾರ 2024ರ ಮಾರ್ಚ್ 11ಕ್ಕೆ ಬಾಂಬೆ ಮಿಠಾಯಿಗೆ, ಗೋಬಿಗೆ ಹಾಕೋ ಬಣ್ಣ ನಿಷೇಧ ಮಾಡ್ತು. ರೋಡಮಿನ್ ಬಿ ಅಂತ, ಬಟ್ಟೆಗೆ ಹಾಕೋ ಬಣ್ಣ ಅದು. ಹಾಕಿದ್ರೆ ಏಳು ವರ್ಷ ತನಕ ಜೈಲು, ಹತ್ತು ಲಕ್ಷ ತನಕ ದಂಡ ಅಂತ ಪೇಪರಲ್ಲಿ ಬಂತು. ಸರಿಯಾಗಿ ಎಂಟು ದಿನಕ್ಕೆ, ಮಾರ್ಚ್ 19ಕ್ಕೆ ನಮ್ಮ ಜಾತ್ರೆ ಶುರು. ಬಿಳಿ ಬಾಂಬೆ ಮಿಠಾಯಿ ಮಾರಿದವರೂ ಇದ್ರು, ಅವರಿಗೆ ಕೈ ಮುಗೀತೀನಿ, ಆದ್ರೆ ಕಡು ಗುಲಾಬಿ ಪ್ಯಾಕೆಟ್ಟೂ ಕೋಲಿಗೆ ನೇತಾಡ್ತಿದ್ವು, ಮಕ್ಕಳ ಕಣ್ಣು ಹೋಗೋದು ಯಾವುದರ ಮೇಲೆ ಅಂತ ನಿಮಗೆ ಹೇಳಬೇಕಾಗಿಲ್ಲ. ಅದಾಗಿ ಮುಂದಿನ ತಿಂಗಳೇ ದಾವಣಗೆರೆಯಲ್ಲಿ ಹೊಗೆ ಬರೋ ಬಿಸ್ಕೆಟ್ ತಿಂದು ಒಬ್ಬ ಹುಡುಗ ಒದ್ದಾಡಿದ ವಿಡಿಯೋ ಎಲ್ರ ಫೋನಿಗೂ ಬಂತಲ್ಲ. ಆ ಹೊಗೆ ದ್ರವ ಸಾರಜನಕದ್ದು, ಮೈನಸ್ 196 ಡಿಗ್ರಿ, ಬಾಯೊಳಗೆ ಹೋದ್ರೆ ನಾಲಿಗೆ ಗಂಟಲು ಎಲ್ಲಾ ಸುಟ್ಟ ಹಾಗೆ ಆಗುತ್ತೆ. ಇಂಥದ್ದು ನಮ್ಮ ಜಾತ್ರೆಗೆ ಕಾಲಿಡಬಾರದು. ಸಂಜೆ ಹೊತ್ತು ಇಬ್ರು ಆಹಾರ ಸುರಕ್ಷತೆಯವರು ಪೇಟೇಲಿ ಸುಮ್ಮನೆ ಒಂದು ಸುತ್ತು ಹೊಡೆದ್ರೂ ಸಾಕು ಅರ್ಧ ಸರಿ ಆಗುತ್ತೆ. ಮಿರ್ಚಿ ಭಜಿ, ಗಿರ್ಮಿಟ್, ಕಬ್ಬಿನಹಾಲಿಗೆ ನಾನು ಅಡ್ಡ ಬರಲ್ಲ, ಅದಿಲ್ಲದೆ ನನಗೇ ಆಗಲ್ಲ.

ಹೆಂಗಸರು ಮಾತಾಡೋಕೆ ನಾಚೋ ವಿಷಯ ಒಂದಿದೆ, ನಾನೇ ಹೇಳಿಬಿಡ್ತೀನಿ. ಮಗುವಿಗೆ ಒಂದಕ್ಕೆ ಬರೋದು ಯಾವಾಗಲೂ ಪೇಟೆ ಮಧ್ಯ ತಲುಪಿದ ಮೇಲೇ. ಶೌಚಾಲಯ ಎಲ್ಲಿದೆ ಅಂತ ಒಂದು ಬಾಣದ ಗುರುತು ಇರಲ್ಲ, ಹುಡುಕಿ ಹೋದ್ರೆ ನೀರಿರಲ್ಲ, ಗಂಡುಮಕ್ಕಳಾದ್ರೆ ನಿಂತಿರೋ ಲಾರಿ ಹಿಂದೆ, ಹೆಣ್ಣುಮಕ್ಕಳಾದ್ರೆ ಅಮ್ಮ ಸೀರೆ ಸೆರಗು ಅಡ್ಡ ಹಿಡ್ಕೊಂಡು. ಹಾಲುಣಿಸೋ ತಾಯಂದಿರ ಕಷ್ಟ ಇನ್ನೂ ಬೇರೆ, ಗುರುತಿದ್ದವರ ಅಂಗಡಿ ಒಳಗೆ ಹೋಗಿ ಗೋಣಿಚೀಲದ ಮೇಲೆ ಕೂರಬೇಕು. ನಾಲ್ಕು ಕಡೆ ತಗಡಿನ ಮರೆ, ಒಳಗೆ ಎರಡು ಬೆಂಚು, ಒಂದು ಫ್ಯಾನು, ಒಂದು ಬಕೆಟ್ ನೀರು, ಬಾಗಿಲಲ್ಲಿ ಒಬ್ಬ ಹೆಣ್ಣು ಹೋಮ್‌ಗಾರ್ಡ್. ಎಷ್ಟೋ ಮನೆಯವರು ಸೇವೆ ಅಂತ ದುಡ್ಡು ಕೊಡ್ತಾರೆ, ಕೇಳಿ ನೋಡಿ, ನಾಲ್ಕು ಮನೆಯವರಾದ್ರೂ ಬೆಂಚು ತಾವೇ ತಂದು ಹಾಕ್ತಾರೆ.

ಬಸ್ಸಿನದ್ದೂ ಹೇಳಲೇಬೇಕು. 2023ರ ಜೂನ್ 11ಕ್ಕೆ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಅನ್ನೋ ಶಕ್ತಿ ಯೋಜನೆ ಬಂತು, ಅದಾದ ಮೇಲೆ ನಡೆದ ಮೊದಲ ಜಾತ್ರೆ 2024ರದ್ದು. ದುಡ್ಡಿಲ್ಲ ಅಂತ ಮನೇಲೇ ಉಳೀತಿದ್ದ ಎಷ್ಟೋ ಅಜ್ಜಿಯರು ಮೊಮ್ಮಕ್ಕಳನ್ನ ಕಟ್ಕೊಂಡು ಬಂದ್ರು, ನನಗೆ ಅದು ಬಹಳ ಖುಷಿ. ಆದ್ರೆ ರಾತ್ರಿ ವಾಪಸ್ ಹೋಗೋವಾಗ ಸಿದ್ದಾಪುರದ ಬಸ್ಸು, ಯಲ್ಲಾಪುರದ ಬಸ್ಸು, ಬನವಾಸಿ ಬಸ್ಸು ಬಂತು ಅಂದ್ರೆ ಬಾಗಿಲಲ್ಲಿ ನುಗ್ಗಾಟ, ಕಿಟಕಿಯಿಂದ ಟವೆಲ್ ಎಸಿಯೋದು, ಅಷ್ಟೇ ಅಲ್ಲ ಮಗುನೇ ಎತ್ತಿ ಕಿಟಕಿಯಿಂದ ಒಳಗೆ ಹಾಕಿ ಸೀಟು ಹಿಡಿಯೋದು. ಒಳಗೆ ಹೋದ ಮಗು ಒಂದು ಬಸ್ಸಲ್ಲಿ, ಹತ್ತೋಕಾಗದ ತಾಯಿ ಕೆಳಗೆ ಅಂತ ಆಗಿದ್ದೂ ನೋಡಿದೀನಿ, ಕಂಡಕ್ಟರ್ ಸೀಟಿ ಹೊಡೆದು ನಿಲ್ಲಿಸಿದ್ರು. ಒಂದೊಂದು ದಾರಿಗೆ ಒಂದೊಂದು ಜಾಗ, ಬಿದಿರು ಕಟ್ಟಿ ಸಾಲು, ಮಕ್ಕಳಿರೋರು ಮೊದಲು. ಇದಕ್ಕೆ ಹೊಸ ಬಸ್ಸು ಬೇಡ, ಬಿದಿರು ಸಾಕು, ನಮ್ಮ ಜಿಲ್ಲೇಲಿ ಬಿದಿರಿಗೇನು ಬರ.

ಪರೀಕ್ಷೆ ಮಕ್ಕಳ ಬಗ್ಗೆ ಒಂದೇ ಮಾತು. 2024ರಲ್ಲಿ ಜಾತ್ರೆ ಇನ್ನೂ ನಡೀತಿರೋವಾಗಲೇ ಮಾರ್ಚ್ 25ಕ್ಕೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರುವಾಯ್ತು. ಮುಹೂರ್ತ ನೋಡಿ ಇಡೋ ಜಾತ್ರೆ, ಅದನ್ನ ಬದಲಾಯಿಸಿ ಅಂತ ನಾನು ಹೇಳಲ್ಲ, ಆದ್ರೆ ಪರೀಕ್ಷೆ ಹಿಂದಿನ ರಾತ್ರಿ ಪೇಟೆ ಒಳಗಿನ ಮನೆಗಳ ಹತ್ರ ಇರೋ ಮೈಕಾದ್ರೂ ಹತ್ತಕ್ಕೇ ಬಂದ್ ಮಾಡಿಸಿ.

"ಹಿಂದಿನಿಂದ ಹೀಗೇ ನಡ್ಕೊಂಡು ಬಂದಿದೆ" ಅನ್ನೋರು ಇರ್ತಾರೆ. ಅವರಿಗೆ ವಿನಯದಿಂದಲೇ ಹೇಳ್ತೀನಿ, ನಮ್ಮ ಅಮ್ಮನ ದೇವಸ್ಥಾನ 1688ರಿಂದ ಇದೆ ಅಂತ ಹೇಳ್ತಾರೆ, ಅಷ್ಟು ವರ್ಷದಲ್ಲಿ ಏನೂ ಬದಲಾಗಿಲ್ವಾ? ಒಂದು ಕಾಲಕ್ಕೆ ಈ ಜಾತ್ರೇಲಿ ಕೋಣನ ಬಲಿ ಇತ್ತು. 1934ರಲ್ಲಿ ಗಾಂಧೀಜಿ ಹರಿಜನ ಯಾತ್ರೆ ಮಾಡ್ತಾ ಶಿರಸಿಗೆ ಬಂದಿದ್ರು, ಆ ಕಾಲದಲ್ಲೇ ಬಲಿ ನಿಲ್ಲಿಸಿದ್ರು ನಮ್ಮ ಹಿರಿಯರು. ಆವತ್ತೂ ಯಾರೋ ಅಂದಿರ್ಲೇಬೇಕು, ಬಲಿ ಇಲ್ದಿದ್ರೆ ಅದೆಂಥಾ ಮಾರಿಜಾತ್ರೆ ಅಂತ. ಅಮ್ಮ ಏನೂ ಸಿಟ್ಟಾಗಲಿಲ್ಲ, ಜಾತ್ರೆ ಮೊದಲಿಗಿಂತ ದೊಡ್ಡದಾಯ್ತು. ಕೋಣನ್ನ ಬಿಟ್ಟ ಊರಿಗೆ ಪೀಪಿ ಬಿಡೋಕೆ ಎಷ್ಟು ಹೊತ್ತು?

ಇಷ್ಟೆಲ್ಲ ಹೇಳಿ ನನ್ನ ಜೊತೆಯವರಿಗೆ ಏನೂ ಹೇಳದೇ ಇದ್ರೆ ಸರಿಯಲ್ಲ. ಅಕ್ಕಂದಿರಾ, ತಂಗಿಯರಾ, ಅಜ್ಜಿಯರಾ, ದಯವಿಟ್ಟು ಮಕ್ಕಳಿಗೆ ಬಂಗಾರ ಹಾಕಿ ಜಾತ್ರೆಗೆ ತರಬೇಡಿ. ಅಜ್ಜಿ ಕೊಟ್ಟ ಸರ ಊರಿಗೆಲ್ಲ ತೋರಿಸೋಕೆ ಬೇರೆ ದಿನ ಇದೆ, ಮದುವೆ ಮನೆಗಳೇನು ಕಡಿಮೆ ಇಲ್ಲ. ಮನೆ ಬಿಡೋ ಮುಂಚೆ ಮಗುವಿನ ಒಂದು ಫೋಟೋ ಹೊಡ್ಕೊಳ್ಳಿ, ಆವತ್ತು ಹಾಕಿದ ಬಟ್ಟೆ, ಚಪ್ಪಲಿ ಎಲ್ಲಾ ಕಾಣೋ ಹಾಗೆ, ಗಾಬರಿಯಾದಾಗ ಅಂಗಿ ಬಣ್ಣನೂ ನೆನಪಿಗೆ ಬರಲ್ಲ. ಬ್ಯಾಂಡ್ ಬರೋ ತನಕ ಬಾಲ್‌ಪೆನ್ನಲ್ಲಿ ತೋಳಿನ ಒಳಗಡೆ ಫೋನ್ ನಂಬರ್ ಬರೀರಿ. ಕೈ ತಪ್ಪಿದ್ರೆ ಓಡಬೇಡ, ಪಕ್ಕದ ಅಂಗಡಿಯವರ ಹತ್ರ ಹೋಗಿ ನಿಲ್ಲು ಅಂತ ಮನೇಲಿ ಆಟದ ಹಾಗೆ ಹೇಳ್ಕೊಡಿ, ಅಮ್ಮನ ಹೆಸರು ಆಯಿ ಅಲ್ಲ ಅನ್ನೋದನ್ನೂ. ಸಾಧ್ಯ ಆದವರು ವಾರದ ನಡುವಿನ ದಿನ ಬೆಳಿಗ್ಗೆ ಬನ್ನಿ, ಬಿಸಿಲೇರೋ ಮುಂಚೆ ಗದ್ದುಗೆ ದರ್ಶನ ಮುಗಿಸಿ ದೇವಿಕೆರೆ ಕಡೆ ನೆರಳಲ್ಲಿ ಕೂತು ತಿಂಡಿ ತಿಂದು ಮನೆಗೆ ಹೋಗಬಹುದು. ಕೂಲಿ ಮಾಡೋರಿಗೆ, ಅಂಗಡಿಗೆ ಹೋಗೋರಿಗೆ ಸಂಜೆ ಬಿಟ್ರೆ ಬೇರೆ ಹೊತ್ತಿಲ್ಲ, ಅವರಿಗೆ ಈ ಬುದ್ಧಿವಾದ ಹೇಳೋಕೆ ನಾನು ಯಾರು, ಅದಕ್ಕೇ ವ್ಯವಸ್ಥೆ ಕೇಳ್ತಿರೋದು.

ಈ ಪತ್ರದಲ್ಲಿ ಯಾರ ಮೇಲೂ ಬೆರಳು ತೋರಿಸಿಲ್ಲ. ರಾತ್ರಿಯಿಡೀ ನಿಂತ್ಕೊಂಡೇ ಇರೋ ಪೊಲೀಸರನ್ನ, ಹೋಮ್‌ಗಾರ್ಡ್‌ಗಳನ್ನ, ಬೆಳಗಿನ ಜಾವ ನಾವೆಲ್ಲ ಮಲಗಿದ್ದಾಗ ಪೇಟೆ ಗುಡಿಸೋ ಪೌರಕಾರ್ಮಿಕರನ್ನ, ಪ್ರಸಾದ ಬಡಿಸೋರನ್ನ ನೋಡಿದೀನಿ. ಅವರ ಮನೇಲೂ ಮಕ್ಕಳಿದಾವೆ, ಆ ಮಕ್ಕಳೂ ಇದೇ ಪೇಟೇಲಿ ಯಾರದೋ ಕೈ ಹಿಡ್ಕೊಂಡು ತಿರುಗ್ತಿರ್ತವೆ.

ಕಡೇದಾಗಿ ಒಂದು ವಿನಂತಿ. ಜಾತ್ರೆಗೆ ಮುಂಚೆ ಪೂರ್ವಭಾವಿ ಸಭೆ ಅಂತ ಕರೀತೀರಲ್ಲ, ಎಲ್ಲ ಇಲಾಖೆಯವರು, ಊರ ಮುಖಂಡರು ಕೂತು ಮಾತಾಡೋದು, ಪೇಪರಲ್ಲಿ ಫೋಟೋ ಬರುತ್ತೆ. ಆ ಫೋಟೋದಲ್ಲಿ ಮಕ್ಕಳನ್ನ ಎತ್ಕೊಂಡು ಪೇಟೆ ತಿರುಗೋರು ಯಾರೂ ಕಾಣಲ್ಲ. ಮುಂದಿನ ಸಭೆಗೆ ನಾಲ್ಕು ಜನ ತಾಯಂದಿರನ್ನ, ಒಬ್ಬ ಅಂಗನವಾಡಿ ಟೀಚರನ್ನ, ಪಕ್ಕದ ಮನೆ ಹುಡುಗನ ಅಮ್ಮನಂಥವರನ್ನ ಒಬ್ಬರನ್ನ, ಆ ಬಳೆಗಾರರಂಥ ಅಂಗಡಿಯವರನ್ನ ಒಬ್ಬರನ್ನ ಕರೀರಿ. ಚಾ ಬಿಸ್ಕೆಟ್ ಕೊಡದಿದ್ರೂ ನಡೆಯುತ್ತೆ. ಸಭೆ ಮಾತ್ರ ಬೆಳಿಗ್ಗೆ ಹನ್ನೊಂದಕ್ಕೆ ಇಡಿ, ಆ ಹೊತ್ತಿಗೆ ಹುಡ್ರೆಲ್ಲ ಶಾಲೆಗೆ ಹೋಗಿರ್ತವೆ, ನಾವು ಬಂದೇ ಬರ್ತೀವಿ.

ಇಂತಿ ತಮ್ಮ ವಿಶ್ವಾಸಿ,
ಶಿರಸಿ ತಾಲೂಕಿನ ಒಬ್ಬ ತಾಯಿ